ಶಾಲೆಗಳಿಗೆ ಮಾರುವ ವ್ಯಾಪಾರ: ನೋಟ್‌ಬುಕ್ಕಾ, ಸ್ಮಾರ್ಟ್ ಬೋರ್ಡಾ, ಸಾಫ್ಟ್‌ವೇರಾ, ಟೆಂಡರಾ?

ದೀಪಾವಳಿ ಮುಗಿಯುತ್ತಿದ್ದ ಹಾಗೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಅಣ್ಣಾ, ಸ್ಕೂಲ್‌ಗಳಿಗೆ ಸಪ್ಲೈ ಮಾಡೋ ಲೈನ್‌ಗೆ ಇಳಿಯೋಣ ಅಂತಿದೀನಿ. ಕೈಯಲ್ಲಿ ಐದು ಲಕ್ಷ ಇದೆ. ಯಾವುದು ಹಿಡೀಲಿ?" ಕೇಳುವವರಲ್ಲಿ ಪ್ರಿಂಟಿಂಗ್ ಪ್ರೆಸ್‌ನವರ ಮಗ ಇರುತ್ತಾನೆ, ಬೆಂಗಳೂರಿನ ಐಟಿ ಕೆಲಸ ಬಿಟ್ಟು ಊರಿಗೆ ಬಂದ ಹುಡುಗಿ ಇರುತ್ತಾಳೆ, ಸ್ಟೇಷನರಿ ಅಂಗಡಿಯವರಂತೂ ಇದ್ದೇ ಇರುತ್ತಾರೆ. ನಾನು ದಾವಣಗೆರೆ ಸುತ್ತಮುತ್ತ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೋಟ್‌ಬುಕ್‌ನಿಂದ ಶುರು ಮಾಡಿದೆ, ಸ್ಮಾರ್ಟ್ ಬೋರ್ಡಿನ ಪ್ಯಾನೆಲ್ ಮಾರಿದೆ, ಒಂದು ಸಾಫ್ಟ್‌ವೇರ್‌ಗೆ ಏಜೆಂಟ್ ಆಗಿದ್ದೆ, ಟೆಂಡರ್‌ಗೂ ಕೈ ಹಾಕಿ ಸುಟ್ಟುಕೊಂಡೆ. ಎಲ್ಲರಿಗೂ ಫೋನ್‌ನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ಮೊದಲು ಏನು ನೋಡಬೇಕು

ಹೊಸಬರು ಮೊದಲು ಕೇಳುವುದು ಮಾರ್ಜಿನ್ ಎಷ್ಟು ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ನನ್ನ ಮೊದಲ ಪ್ರಶ್ನೆ, ದುಡ್ಡು ಯಾರ ಜೇಬಿನಿಂದ ಬರುತ್ತೆ, ಯಾವ ತಿಂಗಳಲ್ಲಿ ಬರುತ್ತೆ ಅನ್ನುವುದು.

ಶಾಲೆಯಲ್ಲಿ ನಿಮ್ಮ ಸಾಮಾನನ್ನು ಮೆಚ್ಚುವವರು ಒಬ್ಬರು, ಬಳಸುವವರು ಇನ್ನೊಬ್ಬರು, ಚೆಕ್‌ಗೆ ಸಹಿ ಹಾಕುವವರು ಮತ್ತೊಬ್ಬರು. ಪ್ರಿನ್ಸಿಪಾಲ್ ಮೇಡಂ "ತುಂಬಾ ಚೆನ್ನಾಗಿದೆ" ಅಂದರು ಅಂತ ಖುಷಿಪಟ್ಟು ಮನೆಗೆ ಬಂದರೆ ಕೆಲಸ ಆಗಲಿಲ್ಲ. ಸಹಿ ಹಾಕುವುದು ಆಡಳಿತ ಮಂಡಳಿಯ ಕಾರ್ಯದರ್ಶಿ. ಅವರ ಹತ್ತಿರ ದುಡ್ಡು ಬರುವುದು ಫೀಸಿನಿಂದ. ನಮ್ಮ ಕಡೆ ಫೀಸಿನ ಮೊದಲ ಕಂತು ಜೂನ್‌ನಲ್ಲಿ ಬಂದರೆ, ಎರಡನೇದು ಮೆಕ್ಕೆಜೋಳ ಮಾರಿದ ಮೇಲೆ. ಚನ್ನಗಿರಿ ಕಡೆಯಾದರೆ ಅಡಿಕೆ ಕೊಯ್ಲು ಮುಗಿಯಬೇಕು. ಜುಲೈನಲ್ಲಿ ಕೊಟ್ಟ ಬಿಲ್ಲಿಗೆ ನವೆಂಬರ್‌ನಲ್ಲಿ ಚೆಕ್ ಬಂದರೆ ಅದು ಮೋಸ ಅಲ್ಲ, ಕ್ಯಾಲೆಂಡರ್.

ಉಳಿದ ಅಳತೆಗೋಲುಗಳು ಮೂರು. ಅದೇ ಶಾಲೆ ಅದೇ ಸಾಮಾನನ್ನು ಮುಂದಿನ ವರ್ಷವೂ ಕೊಳ್ಳುತ್ತದಾ? ಮಾರಿದ ಮೇಲೆ ಎಷ್ಟು ಫೋನ್ ಬರುತ್ತದೆ? ನಿಮ್ಮ ಸ್ವಂತ ಬಂಡವಾಳ ಎಷ್ಟು ತಿಂಗಳು ಸಿಕ್ಕಿಹಾಕಿಕೊಳ್ಳುತ್ತದೆ? ಇವಿಷ್ಟಕ್ಕೂ ಉತ್ತರ ಇಟ್ಟುಕೊಂಡು ಆಮೇಲೆ ಮಾರ್ಜಿನ್‌ಗೆ ಬನ್ನಿ.

ಮಾರುಕಟ್ಟೆ ಯಾವ ಕಡೆ ಹೊರಟಿದೆ

ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಇದನ್ನು ಗಮನಿಸದೆ ಯಾವ ಲೈನ್ ಹಿಡಿದರೂ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಡೀ ದೇಶದಲ್ಲಿ ಶಾಲೆಗೆ ದಾಖಲಾದವರು 2021-22ರಲ್ಲಿ ಸುಮಾರು 26.5 ಕೋಟಿ ಇದ್ದರು. 2024-25ರ ಯುಡೈಸ್ (ಕೇಂದ್ರದ ಶಾಲಾ ದಾಖಲಾತಿ) ಲೆಕ್ಕದಲ್ಲಿ 24.69 ಕೋಟಿ. ನಡುವೆ ಎಣಿಸುವ ಪದ್ಧತಿ ಬದಲಾಯಿತು, ಒಂದೊಂದು ಮಗುವಿನ ಹೆಸರಲ್ಲೇ ಲೆಕ್ಕ ಇಡಲು ಶುರು ಮಾಡಿದರು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆಯುವುದು ಸರಿಯಲ್ಲ. ಆದರೆ ಎಲ್‌ಕೆಜಿ ಕೋಣೆಯಲ್ಲಿ ನಿಂತರೆ ಯಾವ ಅಂಕಿಅಂಶವೂ ಬೇಡ. ಮೊದಲು ಎರಡು ಸೆಕ್ಷನ್ ಇದ್ದ ಕಡೆ ಈಗ ಒಂದು.

ಇದರಿಂದ ವ್ಯಾಪಾರಕ್ಕೆ ಏನಾಯಿತು ಗೊತ್ತಾ? ಖಾಸಗಿ ಶಾಲೆಗಳ ನಡುವೆ ಅಡ್ಮಿಷನ್ ಪೈಪೋಟಿ ಜಾಸ್ತಿಯಾಯಿತು. ಖರೀದಿ ಎರಡು ಸೀಸನ್ ಆಯಿತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬ್ಯಾನರ್‌ಗೆ ಬೇಕಾದ ಸಾಮಾನು ಕೊಳ್ಳುತ್ತಾರೆ: ಸ್ಮಾರ್ಟ್ ಕ್ಲಾಸ್, ರೋಬೋಟಿಕ್ಸ್ ಲ್ಯಾಬ್, ಸಿಸಿಟಿವಿ. "ಅಡ್ಮಿಷನ್ ಓಪನ್" ಫ್ಲೆಕ್ಸ್‌ನಲ್ಲಿ ಫೋಟೋ ಹಾಕಬಹುದಾದ ಯಾವುದಾದರೂ ಸರಿ. ಏಪ್ರಿಲ್‌ನಿಂದ ಜೂನ್‌ವರೆಗೆ ಮಕ್ಕಳ ಬ್ಯಾಗಿಗೆ ಬೇಕಾದ ಸಾಮಾನು: ನೋಟ್‌ಬುಕ್, ಯೂನಿಫಾರ್ಮ್, ಡೈರಿ, ಐಡಿ ಕಾರ್ಡ್. ನೀವು ಯಾವ ಸೀಸನ್‌ನ ವ್ಯಾಪಾರಿ ಅಂತ ಮೊದಲೇ ತೀರ್ಮಾನಿಸಿ. ಒಬ್ಬರೇ ಎರಡನ್ನೂ ಮಾಡಲು ಹೋದರೆ ಮಾರ್ಚ್‌ನಲ್ಲಿ ತಲೆ ಕೆಡುತ್ತದೆ.

ನೋಟ್‌ಬುಕ್: ಸಣ್ಣ ಲಾಭ, ಗಟ್ಟಿ ವ್ಯಾಪಾರ

ಶಾಲೆಯ ಹೆಸರು ಹಾಕಿಸಿದ ನೋಟ್‌ಬುಕ್ ಅಂದರೆ ಹಳೇ ವ್ಯಾಪಾರ ಅಂತ ಮೂಗು ಮುರಿಯುವವರಿದ್ದಾರೆ. ನನ್ನ ಮನೆ ನಡೆಯುತ್ತಿರುವುದು ಇದರಿಂದಲೇ.

ಲೆಕ್ಕ ನೋಡಿ. ಆರುನೂರು ಮಕ್ಕಳ ಶಾಲೆ, ಒಬ್ಬರಿಗೆ ಸರಾಸರಿ ಹನ್ನೆರಡು ಪುಸ್ತಕ. ಒಟ್ಟು 7,200. ಒಂದಕ್ಕೆ 35 ರೂಪಾಯಿ ಅಂತ ಹಿಡಿದರೆ ಬಿಲ್ 2.52 ಲಕ್ಷ. ಒಂದು ಪುಸ್ತಕಕ್ಕೆ ನಾಲ್ಕು ರೂಪಾಯಿ ಉಳಿದರೆ ಕೈಗೆ ಸಿಗುವುದು 28,800. ಸಾಗಾಟ, ಹಮಾಲಿ ಅದರಲ್ಲೇ ಹೋಗಬೇಕು. ಒಂದು ಶಾಲೆಯಿಂದ ಏನೂ ಆಗಲ್ಲ. ಹತ್ತು ಹದಿನೈದು ಶಾಲೆ ಕೈಯಲ್ಲಿದ್ದರೆ ಮಾತ್ರ ಅನ್ನ. ಆದರೆ ಮುಂದಿನ ಜೂನ್‌ಗೆ ಅದೇ ಶಾಲೆ ಮತ್ತೆ ಕೊಳ್ಳುತ್ತದೆ. ಕೊಟ್ಟ ಮೇಲೆ ರಿಪೇರಿಗೆ ಅಂತ ಯಾರೂ ಫೋನ್ ಮಾಡುವುದಿಲ್ಲ.

ಇಲ್ಲಿ ಗೆಲುವು ಸೋಲು ಎಲ್ಲ ಕಾಗದದಲ್ಲಿ. ನನ್ನ ಮೊದಲ ವರ್ಷ, ಹರಿಹರದ ಹತ್ತಿರದ ಒಂದು ಶಾಲೆಗೆ ಸ್ಯಾಂಪಲ್ ಹಿಡಿದು ಹೋಗಿದ್ದೆ. ಕಾರ್ಯದರ್ಶಿಗಳು ವಯಸ್ಸಾದವರು. ಕವರ್ ಕಡೆ ನೋಡಲೇ ಇಲ್ಲ. ನಡುವಿನ ಒಂದು ಹಾಳೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು, ಕಿಟಕಿ ಬೆಳಕಿಗೆ ಹಿಡಿದರು. ಆಮೇಲೆ ಜೇಬಿನಿಂದ ಇಂಕ್ ಪೆನ್ ತೆಗೆದು 'ಶ್ರೀ' ಅಂತ ಬರೆದು ಹಾಳೆ ತಿರುವಿ ಹಾಕಿದರು. ಹಿಂದೆ ನೀಲಿ ಚುಕ್ಕೆಗಳು. "ಇದು ಐವತ್ತೆಂಟು ಜಿಎಸ್‌ಎಂ ಅಂತ ಯಾರು ಹೇಳಿದ್ದು ನಿಮಗೆ?" ಅಂದರು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಪ್ರೆಸ್‌ನವರು ಹೇಳಿದ್ದನ್ನು ನಂಬಿ ಹೋಗಿದ್ದೆ. ಅವತ್ತಿನಿಂದ ರೀಮ್ ತೂಕ ಹಾಕಿಸದೆ ಪ್ರಿಂಟಿಂಗ್‌ಗೆ ಬಿಟ್ಟಿಲ್ಲ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ ನಿಂತುಹೋದ ಮೇಲೆ ನಾನು ತರಿಸುವುದು ಹೆಚ್ಚಾಗಿ ದಾಂಡೇಲಿ ಕಾಗದ. ರೇಟು ಫೆಬ್ರುವರಿಯಿಂದ ಏರುತ್ತಾ ಹೋಗುತ್ತದೆ, ಡಿಸೆಂಬರ್‌ನಲ್ಲೇ ಬುಕ್ ಮಾಡಿದವನು ಬಚಾವ್.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ಮೇಲಿನ 12% ಜಿಎಸ್‌ಟಿ ಸೊನ್ನೆಯಾಯಿತು. ಪೆನ್ಸಿಲ್, ಶಾರ್ಪ್‌ನರ್, ಕ್ರೆಯಾನ್‌ಗೂ ಹಾಗೇ, 5% ಇದ್ದ ರಬ್ಬರ್‌ಗೂ ಸೊನ್ನೆ. ನೋಟ್‌ಬುಕ್‌ಗೆ ಬಳಸುವ ಕೋಟಿಂಗ್ ಇಲ್ಲದ ಕಾಗದವೂ ಸೊನ್ನೆ. ಶಾಲೆಯವರು "12% ಇಳಿಸಿ" ಅಂತ ಕೂರುತ್ತಾರೆ. ಆದರೆ ಮಾರಾಟಕ್ಕೆ ತೆರಿಗೆ ಇಲ್ಲ ಅಂದ ಮೇಲೆ ಕವರ್‌ನ ಆರ್ಟ್ ಪೇಪರ್, ಶಾಯಿ ಇವುಗಳಿಗೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಅದನ್ನು ದರದಲ್ಲಿ ಸೇರಿಸಿಕೊಳ್ಳದೆ ಕೊಟೇಶನ್ ಕೊಟ್ಟರೆ ನಾಲ್ಕು ರೂಪಾಯಿಯಲ್ಲಿ ಒಂದು ಹಾರಿಹೋಗುತ್ತದೆ.

ಕಹಿ ಮಾತೂ ಹೇಳಿಬಿಡುತ್ತೇನೆ. ಕೆಲವು ಕಡೆ ಪುಸ್ತಕದ ಮೇಲೆ ಎಂಆರ್‌ಪಿ ಜಾಸ್ತಿ ಹಾಕಿ, ವ್ಯತ್ಯಾಸವನ್ನು ಶಾಲೆ ಇಟ್ಟುಕೊಳ್ಳುತ್ತದೆ. ತಂದೆತಾಯಿಗೆ ಬೇರೆ ಕಡೆ ಕೊಳ್ಳುವ ಹಾಗಿಲ್ಲ. ಶಾಲೆ ಆವರಣದಲ್ಲಿ ಪುಸ್ತಕ, ಯೂನಿಫಾರ್ಮ್ ವ್ಯಾಪಾರ ಬೇಡ ಅಂತ 2017ರಲ್ಲೇ ಸಿಬಿಎಸ್‌ಇ ಸುತ್ತೋಲೆ ಕಳಿಸಿತ್ತು. ಪೋಷಕರು ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವುದು ಬಿಲ್ಲಿನಲ್ಲಿ ಹೆಸರಿರುವ ನೀವು.

ಯೂನಿಫಾರ್ಮ್ ಬಗ್ಗೆ ಜಾಸ್ತಿ ಹೇಳಲ್ಲ. ಬಟ್ಟೆ ಭಿಲ್ವಾಡಾದ್ದು, ಹೊಲಿಗೆ ಸೊಲ್ಲಾಪುರದ್ದು, ಅವರ ರೇಟಿಗೆ ನಾವು ಹೊಲಿಸಿ ಕೊಡಲು ಆಗಲ್ಲ. ಸೈಜ್ ತಪ್ಪಿ ಉಳಿದ ಷರ್ಟುಗಳು ನಿಮ್ಮ ಗೋಡೌನ್‌ನಲ್ಲೇ ಉಳಿಯುತ್ತವೆ, ಬೇರೆ ಶಾಲೆಗೆ ಆಗಲ್ಲ. ಮನೆಯಲ್ಲಿ ಬಟ್ಟೆ ವ್ಯಾಪಾರ ಮೊದಲಿಂದ ಇದ್ದರೆ ಮಾಡಿ.

ಸ್ಮಾರ್ಟ್ ಬೋರ್ಡ್: ಬಿಲ್ ದೊಡ್ಡದು, ಫೋನ್ ಜಾಸ್ತಿ

ಈಗ ಎಲ್ಲರ ಕಣ್ಣು ಇದರ ಮೇಲೆ. ಗೋಡೆಗೆ ಹಾಕುವ 65 ಇಂಚಿನ ಟಚ್ ಪ್ಯಾನೆಲ್ ಒಂದು ಲಕ್ಷದ ಆಸುಪಾಸು. ಅದರ ಮೇಲೆ 18% ಜಿಎಸ್‌ಟಿ. ಅದನ್ನು ಶಾಲೆ ವಾಪಸ್ ಪಡೆಯಲು ಆಗುವುದಿಲ್ಲ, ಹಾಗಾಗಿ ಅವರಿಗೆ ಅದೂ ಖರ್ಚೇ. ಒಂದು ಪ್ಯಾನೆಲ್‌ಗೆ ನಿಮಗೆ ಹತ್ತು ಹನ್ನೆರಡು ಸಾವಿರ ಉಳಿಯಬಹುದು. ಐದು ಪ್ಯಾನೆಲ್ ಅಂದರೆ ಒಂದೇ ದಿನದಲ್ಲಿ ಎರಡು ಶಾಲೆಯ ನೋಟ್‌ಬುಕ್ ಲಾಭ. ಆಸೆ ಆಗುತ್ತೆ, ಅಲ್ವಾ?

ಆದರೆ ಒಮ್ಮೆ ಕೊಂಡ ಶಾಲೆ ಮತ್ತೆ ಐದಾರು ವರ್ಷ ಕೊಳ್ಳಲ್ಲ. ಪ್ರತಿ ವರ್ಷ ಹೊಸ ಶಾಲೆ ಹುಡುಕಬೇಕು. ಸರ್ವಿಸ್ ಫೋನ್ ಮಾತ್ರ ಹಳೇ ಶಾಲೆಗಳಿಂದ ಬರುತ್ತಲೇ ಇರುತ್ತದೆ. ಒಮ್ಮೆ "ಟಚ್ ಕೆಲಸ ಮಾಡ್ತಿಲ್ಲ" ಅಂತ ಜಗಳೂರು ಕಡೆಯ ಶಾಲೆಯಿಂದ ಫೋನ್ ಬಂತು. ಅರ್ಧ ದಿನ ಹಾಳು ಮಾಡಿಕೊಂಡು ಹೋದೆ. ಆಯುಧಪೂಜೆ ದಿನ ಪ್ಯಾನೆಲ್‌ಗೂ ವಿಭೂತಿ, ಅರಿಶಿನ, ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಅಂಚಿನ ಸೆನ್ಸರ್‌ಗಳ ಮೇಲೆ ಕುಂಕುಮ ಒಣಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸರಿಹೋಯಿತು. ಪೆಟ್ರೋಲ್ ಮುನ್ನೂರು. ಆ ಮೇಷ್ಟ್ರು ಕಾಫಿ ಕೊಟ್ಟು ಕಳಿಸಿದರು, ಅದೊಂದು ಬೇರೆ.

ಈ ವ್ಯಾಪಾರದ ದೊಡ್ಡ ಅಪಾಯ ಕಂತು. "ಈಗ ಹಾಕಿ, ಮೂರು ವರ್ಷದಲ್ಲಿ ಕೊಡ್ತೀವಿ" ಅನ್ನುತ್ತಾರೆ. ಒಪ್ಪಿದರೆ ನೀವು ವ್ಯಾಪಾರಿ ಆಗಿ ಉಳಿಯಲ್ಲ, ಬಡ್ಡಿ ಇಲ್ಲದ ಬ್ಯಾಂಕ್ ಆಗುತ್ತೀರಿ. ಇದರಲ್ಲಿ ದೊಡ್ಡ ಕಂಪನಿಯೇ ಮುಳುಗಿದೆ. ಎಜುಕಾಂಪ್ ಅಂತ ಒಂದಿತ್ತು, 1994ರಲ್ಲಿ ಶುರುವಾಗಿದ್ದು. ಸ್ಮಾರ್ಟ್ ಕ್ಲಾಸ್ ಅನ್ನುವ ಮಾತನ್ನು ದೇಶದ ತುಂಬ ಹಬ್ಬಿಸಿದ್ದೇ ಅವರು. ಸಾಮಾನು ಅವರೇ ಹಾಕಿಕೊಟ್ಟು, ಶಾಲೆಯಿಂದ ಮಗುವಿಗೆ ಇಷ್ಟು ಅಂತ ವರ್ಷಗಟ್ಟಲೆ ವಸೂಲು ಮಾಡುವ ಪದ್ಧತಿ. ಬರಬೇಕಾದ ಆ ದುಡ್ಡನ್ನೇ ತೋರಿಸಿ ಇನ್ನೊಂದು ಸಂಸ್ಥೆಯ ಮೂಲಕ ಬ್ಯಾಂಕ್ ಸಾಲ. ಶಾಲೆಗಳ ಕಂತು ನಿಧಾನವಾಯಿತು, ಸಾಲ ನಿಧಾನವಾಗಲಿಲ್ಲ. 2017ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅವರಿಗೇ ವಸೂಲು ಮಾಡಲು ಆಗದ್ದನ್ನು ನೀವು ಬೈಕಿನಲ್ಲಿ ಓಡಾಡಿ ಮಾಡುತ್ತೀರಾ?

ಹಾಗಾಗಿ ನನ್ನ ನಿಯಮ: ಆರ್ಡರ್ ಜೊತೆ ಅರ್ಧ, ಗೋಡೆಗೆ ಹಾಕಿದ ದಿನ ಉಳಿದದ್ದರಲ್ಲಿ ಮುಕ್ಕಾಲು. ಶಾಲೆಗೆ ಕಂತು ಬೇಕೇಬೇಕಾದರೆ ಅವರೇ ಸಾಲ ಕೊಡುವ ಕಂಪನಿ ಹಿಡಿಯಲಿ. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿ ಇಲ್ಲದ ಬ್ರ್ಯಾಂಡ್ ಎಷ್ಟೇ ಕಡಿಮೆಗೆ ಸಿಕ್ಕರೂ ಮುಟ್ಟಬೇಡಿ. ಪ್ಯಾನೆಲ್ ಜೊತೆ ಯುಪಿಎಸ್ ಸೇರಿಸಿಯೇ ರೇಟು ಹೇಳಿ. ಕರೆಂಟಿನ ಏರಿಳಿತಕ್ಕೆ ಬೋರ್ಡ್ ಸುಟ್ಟರೆ ವಾರಂಟಿ ಬರಲ್ಲ, ಬೈಗುಳ ಬರುತ್ತದೆ.

ಸಾಫ್ಟ್‌ವೇರ್

ಫೀಸ್, ಹಾಜರಿ, ಅಂಕಪಟ್ಟಿ, ಬಸ್ ಎಲ್ಲ ಒಂದೇ ಆ್ಯಪ್‌ನಲ್ಲಿ. ಮಗುವಿಗೆ ವರ್ಷಕ್ಕೆ ನೂರು ರೂಪಾಯಿ ಅಂತಿಟ್ಟರೆ ಐನೂರು ಮಕ್ಕಳ ಶಾಲೆಯಿಂದ ಐವತ್ತು ಸಾವಿರ. ಪ್ರತಿ ವರ್ಷ ಬರುವ ದುಡ್ಡು, ಗೋಡೌನ್ ಬೇಡ, ಹಮಾಲಿ ಬೇಡ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ.

ನಿಜವಾದ ಪೈಪೋಟಿ ಬೇರೆ ಕಂಪನಿ ಜೊತೆ ಇರಲ್ಲ. ವಾಟ್ಸಾಪ್ ಗ್ರೂಪ್ ಮತ್ತು ಗುಮಾಸ್ತರ ಕೈಬರಹದ ರಿಜಿಸ್ಟರ್ ಜೊತೆ ಇರುತ್ತದೆ. ಎರಡೂ ಪುಕ್ಕಟೆ. ಗುಮಾಸ್ತರು ಈಗಾಗಲೇ ರಾಜ್ಯ ಸರ್ಕಾರದ ಮಕ್ಕಳ ದಾಖಲೆ ತಾಣ ಎಸ್‌ಎಟಿಎಸ್‌ಗೆ ಒಮ್ಮೆ, ಯುಡೈಸ್‌ಗೆ ಇನ್ನೊಮ್ಮೆ ಅದೇ ಮಕ್ಕಳ ವಿವರ ತುಂಬಿ ಸುಸ್ತಾಗಿರುತ್ತಾರೆ. ನಿಮ್ಮದು ಮೂರನೇದು. "ಇನ್ನೊಂದು ಸಲ ಟೈಪ್ ಮಾಡಬೇಕಾ ಸರ್?" ಅಂತ ಅವರು ಕೇಳಿದ ಧಾಟಿಯಲ್ಲೇ ನನಗೆ ಗೊತ್ತಾಗುತ್ತಿತ್ತು, ಈ ಶಾಲೆ ಎರಡನೇ ವರ್ಷ ದುಡ್ಡು ಕಟ್ಟಲ್ಲ ಅಂತ. ಎಕ್ಸೆಲ್ ಹಾಳೆಯಿಂದ ಒಂದೇ ಏಟಿಗೆ ಎಲ್ಲ ವಿವರ ಎತ್ತಿಕೊಳ್ಳುವ ಸೌಲಭ್ಯ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ ಡೆಮೋ ಕೊಡುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ. ಕಾರ್ಯದರ್ಶಿಗೆ ತೋರಿಸಬೇಕಾದ ಪರದೆ ಒಂದೇ: ಫೀಸ್ ಬಾಕಿ ಪಟ್ಟಿ. ಉಳಿದದ್ದಕ್ಕೆ ಅವರು ಸುಮ್ನೆ ತಲೆ ಆಡಿಸುತ್ತಾರೆ.

ಹೊಸ ತಲೆನೋವು ಒಂದಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. 18 ವರ್ಷದ ಒಳಗಿನವರೆಲ್ಲ ಅದರಲ್ಲಿ ಮಕ್ಕಳೇ, ಅವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಶಾಲೆಗಳಿಗೆ ಕೆಲವು ವಿನಾಯಿತಿ ಇದೆ, ಹೆಚ್ಚಿನ ನಿಯಮಗಳಿಗೆ ಆಗಿನಿಂದ 18 ತಿಂಗಳ ಸಮಯವನ್ನೂ ಕೊಟ್ಟರು. ಆದರೆ ಮಕ್ಕಳ ಫೋಟೋ, ವಿಳಾಸ, ಪೋಷಕರ ಮೊಬೈಲ್ ನಂಬರ್ ಇರುವ ಸರ್ವರ್ ಎಲ್ಲಿದೆ, ಅದನ್ನು ಯಾರು ನೋಡಬಹುದು ಅಂತ ಹೇಳಲಾಗದ ಕಂಪನಿಯ ಏಜೆಂಟ್ ಆಗಬೇಡಿ.

ಆ ಐಟಿ ಹುಡುಗಿಗೆ ನಾನು ಹೇಳಿದ್ದು ಇದನ್ನೇ: ನಿನಗೆ ಇದು ಸರಿ, ಆದರೆ ಮೂರು ವರ್ಷ ಸಂಬಳ ಇಲ್ಲದೆ ಬದುಕುವ ಹಾಗಿದ್ದರೆ ಮಾತ್ರ.

ರೋಬೋಟಿಕ್ಸ್, ಎಐ ಲ್ಯಾಬ್

ಬ್ಯಾನರ್ ಸೀಸನ್‌ನ ಈಗಿನ ಹೀರೋ ಇದೇ. ಸಿಬಿಎಸ್‌ಇ 2019ರಲ್ಲೇ ಒಂಬತ್ತನೇ ತರಗತಿಗೆ ಎಐ ಅನ್ನು ಐಚ್ಛಿಕ ವಿಷಯವಾಗಿ ತಂದಿತ್ತು. 2026-27ರಿಂದ ಮೂರನೇ ತರಗತಿಯಿಂದಲೇ ಕಲಿಸುತ್ತೇವೆ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2025ರಲ್ಲಿ ಹೇಳಿತು. ಮಕ್ಕಳು ತಾವೇ ಮಾಡಿ ಕಲಿಯುವ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಇತ್ತು. 2025ರ ಕೇಂದ್ರ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಅಂತ ಘೋಷಿಸಿದರು. ಬೇಡಿಕೆ ಇರುವುದು ಖರೆ.

ಕಿಟ್ ಮಾರುವುದು ಸುಲಭ. ಕಲಿಸುವವರು ಯಾರು ಅನ್ನುವುದು ಕಷ್ಟ. ಸೆಪ್ಟೆಂಬರ್ ಹೊತ್ತಿಗೆ ಜಂಪರ್ ವೈರ್ ಕಳೆದಿರುತ್ತವೆ, ಸೆನ್ಸರ್ ಒಂದು ಸುಟ್ಟಿರುತ್ತದೆ, ವಿಜ್ಞಾನದ ಮೇಡಂ ಬೇರೆ ಶಾಲೆಗೆ ಹೋಗಿರುತ್ತಾರೆ. ಲ್ಯಾಬ್‌ಗೆ ಬೀಗ. ಈ ಲೈನ್ ಹಿಡಿಯುವುದಾದರೆ ವಾರಕ್ಕೆರಡು ಪಿರಿಯಡ್ ಪಾಠ ಮಾಡುವ ಒಬ್ಬ ಹುಡುಗನ ಸಂಬಳವನ್ನೂ ಸೇರಿಸಿ ಮಗುವಿಗೆ ಇಷ್ಟು ಅಂತ ರೇಟು ಮಾಡಿ. ಆಗ ವರ್ಷ ವರ್ಷ ಬರುವ ವ್ಯಾಪಾರ ಆಗುತ್ತದೆ. ಒಬ್ಬ ಹುಡುಗ ನಾಲ್ಕೈದು ಶಾಲೆ ನೋಡಿಕೊಳ್ಳಬಲ್ಲ. ಬಿಇ ಓದಿ ಊರಲ್ಲೇ ಇರುವ ಇಬ್ಬರು ಸ್ನೇಹಿತರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಸರ್ಕಾರಿ ಶಾಲೆ, ಟೆಂಡರ್, ಸಿಎಸ್‌ಆರ್

ರಾಜ್ಯದ ಸುಮಾರು 76 ಸಾವಿರ ಶಾಲೆಗಳಲ್ಲಿ ಮೂರನೇ ಎರಡು ಭಾಗ ಸರ್ಕಾರದ್ದು. ಹಾಗಾದರೆ ದೊಡ್ಡ ಗಿರಾಕಿ ಅದೇ ಅಲ್ವಾ ಅನ್ನಿಸುತ್ತದೆ. ಆದರೆ ಪಠ್ಯಪುಸ್ತಕ, ಸಮವಸ್ತ್ರದ ಬಟ್ಟೆ ಎಲ್ಲ ಮೇಲಿನ ಹಂತದಲ್ಲೇ ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಆಗುತ್ತದೆ. ವಹಿವಾಟಿನ ದಾಖಲೆ, ಇಎಂಡಿ (ಟೆಂಡರ್ ಹಾಕುವಾಗಲೇ ಕಟ್ಟುವ ಠೇವಣಿ), ಭದ್ರತಾ ಠೇವಣಿ ಎಲ್ಲ ಬೇಕು. ಐದು ಲಕ್ಷದವರಿಗೆ ಅಲ್ಲಿ ಜಾಗ ಇಲ್ಲ.

ಕೆಳಗಿನ ಹಂತದಲ್ಲಿ ಒಂದು ಸಣ್ಣ ಬಾಗಿಲಿದೆ. ಶೂ ಮತ್ತು ಸಾಕ್ಸ್ ದುಡ್ಡು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಗೆ ಬರುತ್ತದೆ, ಅವರೇ ಸ್ಥಳೀಯವಾಗಿ ಕೊಳ್ಳುತ್ತಾರೆ. ಹಲವು ವರ್ಷ ಇದ್ದ ದರ, ಒಂದು ಜೊತೆ ಶೂ ಎರಡು ಜೊತೆ ಸಾಕ್ಸ್‌ಗೆ ಐದನೇ ತರಗತಿವರೆಗೆ 265 ರೂಪಾಯಿ, ಎಂಟರವರೆಗೆ 295, ಮೇಲಿನವರಿಗೆ 325. ಆ ದರಕ್ಕೆ ವರ್ಷ ಬಾಳುವ ಶೂ ಕೊಡುವುದು ಎಷ್ಟು ಕಷ್ಟ ಅಂತ ಅಂಗಡಿಯವರಿಗೆ ಗೊತ್ತು. ಲಾಭ ತೆಳು, ಆದರೆ ಹೆಡ್ ಮೇಷ್ಟ್ರುಗಳ ಪರಿಚಯ ಆಗುತ್ತದೆ. ಆಟದ ಸಾಮಾನು, ಲ್ಯಾಬ್ ಸಾಮಾನಿಗೆ ನಿಮ್ಮನ್ನೇ ನೆನೆಸಿಕೊಳ್ಳುತ್ತಾರೆ.

ನಾನು ಸುಟ್ಟುಕೊಂಡ ಕಥೆ ಚಿಕ್ಕದು. ಒಂದು ಕಚೇರಿಗೆ ಡೆಸ್ಕ್ ಸಪ್ಲೈ ಮಾಡಿದೆ. ಸಾಮಾನು ಸರಿ ಇತ್ತು, ತಪಾಸಣೆಯೂ ಆಯಿತು. ಮಾರ್ಚ್ 31 ದಾಟಿತು, ಅನುದಾನ ವಾಪಸ್ ಹೋಯಿತು, ಬಿಲ್ ಪಾಸಾಗಲು ಹನ್ನೊಂದು ತಿಂಗಳು. ಬಡ್ಡಿ ಕಟ್ಟಿ ಕಟ್ಟಿ ಲಾಭ ಎಲ್ಲ ಹೋಯಿತು. ಯಾರೂ ಲಂಚ ಕೇಳಲಿಲ್ಲ, ಅದೇ ಸೋಜಿಗ. ಫೈಲ್ ಸುಮ್ನೆ ಕೂತಿತ್ತು.

ಇದಕ್ಕಿಂತ ನನಗೆ ಇಷ್ಟ ಸಿಎಸ್‌ಆರ್. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು, ಅದರಲ್ಲಿ ಶಾಲೆಗಳಿಗೆ ಹೋಗುವುದು ಬಹಳ. ಜನವರಿ ಬಂದರೆ ಅವರಿಗೆ ಅವಸರ, ಮಾರ್ಚ್‌ ಒಳಗೆ ಖರ್ಚು ತೋರಿಸಬೇಕು. ಸಾಮಾನು ಸರ್ಕಾರಿ ಶಾಲೆಗೆ, ಚೆಕ್ ಕಂಪನಿಯಿಂದ ಅಥವಾ ಅವರ ಜೊತೆಗಿರುವ ಸಂಸ್ಥೆಯಿಂದ. ನನ್ನ ಅನುಭವದಲ್ಲಿ 45 ದಿನದೊಳಗೆ ದುಡ್ಡು ಬಂದಿದೆ. ತೊಂದರೆ ಏನೆಂದರೆ ಈ ವರ್ಷ ಡೆಸ್ಕ್ ಕೊಟ್ಟ ಕಂಪನಿ ಮುಂದಿನ ವರ್ಷ ಕೆರೆ ಹೂಳೆತ್ತಲು ಹೋಗಬಹುದು. ಇದನ್ನು ಮೇಲಾದಾಯ ಅಂತ ಇಟ್ಟುಕೊಳ್ಳಿ, ಇದರ ಮೇಲೆ ಮನೆ ಸಾಲ ಮಾಡಬೇಡಿ.

ಶಾಲೆ ಬಿಟ್ಟು ನೇರ ತಂದೆತಾಯಿಗೆ ಮಾರೋಣ ಅನ್ನುವವರಿಗೆ ಒಂದೇ ಮಾತು. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2024ರಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ಮುಂದೆ ದಿವಾಳಿ ಪ್ರಕ್ರಿಯೆಗೆ ಬಂದು ನಿಂತಿತು. ಮನೆಮನೆಗೆ ಹೋಗಿ ಮಾರುವ ಖರ್ಚು ನಮ್ಮಂಥವರಿಗೆ ದಕ್ಕಲ್ಲ.

ನಿಮ್ಮ ಕೈಯಲ್ಲಿ ಎಷ್ಟಿದೆ

ಎರಡು ಮೂರು ಲಕ್ಷ ಇದ್ದು, ಸಾಲ ಬೇಡ ಅನ್ನುವವರು ಐಡಿ ಕಾರ್ಡ್, ಡೈರಿ, ಸ್ಟೇಷನರಿಯಿಂದ ಶುರು ಮಾಡಿ, ಮೂರೇ ಶಾಲೆ ಹಿಡಿಯಿರಿ. ಐದರಿಂದ ಎಂಟು ಲಕ್ಷ ಇದ್ದವರಿಗೆ ನೋಟ್‌ಬುಕ್. ಅದರಲ್ಲಿ ಅರ್ಧವನ್ನು ಡಿಸೆಂಬರ್‌ನಲ್ಲಿ ಕಾಗದಕ್ಕೆ ಹಾಕಿ, ಉಳಿದ ಅರ್ಧ ನವೆಂಬರ್‌ವರೆಗೆ ಬಾಕಿ ತಡೆಯಲು ಬೇಕು, ಮುಟ್ಟಬೇಡಿ. ಹದಿನೈದು ಲಕ್ಷದ ಮೇಲಿದ್ದು ಒಬ್ಬ ಟೆಕ್ನಿಷಿಯನ್‌ಗೆ ಸಂಬಳ ಕೊಡಬಲ್ಲವರು ಪ್ಯಾನೆಲ್‌ಗೆ ಹೋಗಬಹುದು, ಜೊತೆಗೆ ನೋಟ್‌ಬುಕ್ ಇದ್ದರೆ ಹಳೇ ಶಾಲೆಗಳಿಗೆ ಸರ್ವಿಸ್‌ಗೆ ಹೋದಾಗಲೇ ಆರ್ಡರ್ ತರಬಹುದು. ದುಡ್ಡಿಲ್ಲ, ಕೈಯಲ್ಲಿ ವಿದ್ಯೆ ಇದೆ ಅನ್ನುವವರಿಗೆ ಲ್ಯಾಬ್ ಪಾಠ.

ಆ ಪ್ರೆಸ್‌ನವರ ಮಗನಿಗೆ ನೋಟ್‌ಬುಕ್ ಹಿಡಿ ಅಂದೆ. ಬೇಜಾರಾಯಿತು ಅವನಿಗೆ, ಪ್ಯಾನೆಲ್ ಕನಸು ಕಂಡಿದ್ದ. ಮೊನ್ನೆ ಫೋನ್ ಮಾಡಿದ್ದ. ಡಿಸೆಂಬರ್ ಮೊದಲ ವಾರಕ್ಕೇ ನಾಲ್ಕು ಶಾಲೆಗೆ ಸ್ಯಾಂಪಲ್ ಕೊಟ್ಟಿದ್ದಾನಂತೆ. ಹೋಗುವಾಗ ಜೇಬಿನಲ್ಲಿ ಇಂಕ್ ಪೆನ್ ಇಟ್ಟುಕೊಂಡೇ ಹೋಗಿದ್ದಾನೆ, ಕಾರ್ಯದರ್ಶಿಗಳು ಕೇಳುವ ಮೊದಲೇ ತಾನೇ ಬರೆದು ಹಾಳೆ ತಿರುವಿ ತೋರಿಸಲು.